ಹೊರಗೆ ಕೂತವಳ ಪಾಠ

ಉಣಕಲ್ಲಿನ ಲಕ್ಕಪ್ಪನ ಮನೆಯಲ್ಲಿ ಬೆಳಗಿನ ಆರತಿಯನ್ನು ಮೊಬೈಲೇ ಹಾಡುತ್ತಿತ್ತು. ಮನೆಗೆಲ್ಲ ಇದ್ದದ್ದು ಅದೊಂದೇ ದೊಡ್ಡ ಫೋನು. ಕೊಂಡು ತಂದ ಶುಕ್ರವಾರವೇ ಅವನ ತಾಯಿ ಹೊಳೆವ್ವ ಅದಕ್ಕೆ ಕುಂಕುಮ ಹಚ್ಚಿ ದೇವರ ಜಗಲಿಯ ಪಕ್ಕ ಇಟ್ಟಿದ್ದಳು. ಆರತಿ ಮುಗಿದ ಮೇಲೆ ಅದರಲ್ಲೇ ಮೊಮ್ಮಗಳು ದುರ್ಗಾಳ ಎಂ.ಎ. ಪಾಠ ಶುರುವಾಗುತ್ತಿತ್ತು.

ಕೊರೋನಾ ಬಂದು ಧಾರವಾಡದ ಹಾಸ್ಟೆಲ್ ಮುಚ್ಚಿ, ಪಾಠವೆಲ್ಲ ವಿಡಿಯೋದಲ್ಲಿ ನಡೆದ ವರ್ಷವದು. ಗೆಳತಿಯರಿಗೆ ಖುಷಿಯೋ ಖುಷಿ. "ಚಾದರ ಹೊದ್ಕೊಂಡ ಎಂ.ಎ. ಮುಗಸಬಹುದು!" ಎಂದು ನಗುತ್ತಿದ್ದರು. ದುರ್ಗಾಳಿಗೆ ನಗು ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿದ್ದಾಗ ತಿಂಗಳ ಎಲ್ಲ ದಿನವೂ ಅವಳು ಮೊದಲ ಬೆಂಚಿನವಳು. ಮುಟ್ಟಾಗಿದ್ದೀಯಾ ಎಂದು ಕೇಳಿದವರಿಲ್ಲ. ಮನೆಯಲ್ಲಿ ಹಾಗಲ್ಲ. ಆ ಮೂರು ದಿನ ಅವಳ ಜಾಗ ಹಿತ್ತಲಿನ ತಗಡಿನ ಚಪ್ಪರ. ಉಣ್ಣುವ ಗಂಗಾಳ ಬೇರೆ, ಚಾಪೆ ಬೇರೆ. ಫೋನಂತೂ ಮುಟ್ಟುವ ಹಾಗೇ ಇಲ್ಲ.

"ಅದರಾಗ ಎಲ್ಲವ್ವನ ಫೋಟೋ ಐತಿ. ಮೈಲಿಗಿ ಕೈಲೆ ಮುಟ್ಟಿದ್ರ ಮನಿತನಕ್ಕ ಛಲೋ ಆಗೂದಿಲ್ಲ," ಎನ್ನುವಳು ಹೊಳೆವ್ವ.

"ಅದರಾಗ ಅಪ್ಪನ ಇಸ್ಪೀಟ ಆಟಾನೂ ಐತಿ ಆಯೀ. ಎಲ್ಲವ್ವ ಅದನ್ನ ಸಹಿಸಿಕೊಂಡಾಳಲ್ಲ?" ದುರ್ಗಾ ಅಜ್ಜಿಯನ್ನು ಕೆಣಕುವಳು.

"ನಾಲಿಗಿ ನೋಡ ಇದರದು! ಓದಿಸಿದ್ದ ತಪ್ಪಾತು."

ಹೀಗೆ ಹಾಜರಿ ತಿಂಗಳಿಗೆ ಮೂರು ದಿನದಂತೆ ಕರಗಿತು. ಕೇಳಿದರೆ "ನೆಟ್‌ವರ್ಕ್ ಇರಲಿಲ್ಲ ಮೇಡಂ" ಎನ್ನುವಳು. ಕೊನೆಗೆ ಪ್ರಭಾವತಿ ಮೇಡಂ ಎಚ್ಚರಿಸಿದರು: "ಗುರುವಾರ ನಿನ್ನ ಸೆಮಿನಾರ್. ಅವತ್ತೂ ತಪ್ಪಿದ್ರ ಪರೀಕ್ಷಾಕ್ಕ ಕೂಡಸಲಿಕ್ಕೆ ಬರೂದಿಲ್ಲ ನೋಡವಾ."

ಗುರುವಾರ ಬೆಳಗಾಗುತ್ತಲೇ ಅವಳು ಮುಟ್ಟಾದಳು.

ಬಚ್ಚಲ ಬಾಗಿಲಲ್ಲಿ ತಾಯಿ ಶೇವಂತೆವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು: "ಯಾರಿಗೂ ಹೇಳಬ್ಯಾಡ. ಸುಮ್ನ ಪಾಠ ಮುಗಿಸು. ಪಾಪ ಬಂದ್ರ ನನಗಿರಲಿ."

"ಇವತ್ತ ಮುಚ್ಚಿಟ್ಟೆ. ಮುಂದಿನ ತಿಂಗಳ? ಹಿಂಗ ಕಳ್ಳರಂಗ ಎಷ್ಟ ದಿನಾ ಯವ್ವಾ?"

ದುರ್ಗಾ ನೆಟ್ಟಗೆ ಪಡಸಾಲೆಗೆ ಬಂದಳು. ಹೊಳೆವ್ವ ಬತ್ತಿ ಹೊಸೆಯುತ್ತಿದ್ದಳು; ಲಕ್ಕಪ್ಪ ಕಿರಾಣಿ ಅಂಗಡಿಗೆ ಹೊರಟಿದ್ದ.

"ಆಯೀ, ನಾ ಇವತ್ತ ಹೊರಗಾಗೇನಿ. ಆದ್ರ ಹಿತ್ತಲಕ್ಕ ಹೋಗೂದಿಲ್ಲ," ಎಂದವಳೇ ಫೋನು ಎತ್ತಿಕೊಂಡಳು.

"ಲಕ್ಕಪ್ಪಾ! ನೋಡಿದ್ಯೋ ನಿನ್ನ ಮಗಳ ಧೈರ್ಯಾ!"

"ಇಡ ಅದನ್ನ," ಎಂದ ಲಕ್ಕಪ್ಪ. "ಹಿರೇರು ಮಾಡಿದ್ದು ಸುಳ್ಳ ಇರತೈತೇನು? ಒಂದ ದಿನ ಪಾಠ ತಪ್ಪಿದ್ರ ಮುಗಲ ಹರಕೊಂಡ ಬೀಳೂದಿಲ್ಲ."

"ಒಂದ ದಿನ ಅಲ್ಲಪ್ಪಾ, ಒಂದ ವರ್ಷ ಹೋಗತೈತಿ. ಧಾರವಾಡದಾಗ ಈ ದಿನಾನೂ ಪುಸ್ತಕಾ ಮುಟ್ಟೇನಿ, ಎಲ್ಲಾರ ಕೂಡ ಕುಂತ ಉಂಡೇನಿ. ನಿನ್ನ ಅಂಗಡಿ ಮುಳುಗ್ತೇನು? ಇದು ಮೈಯ ಧರ್ಮ. ಇದಿಲ್ಲಂದ್ರ ನೀನೂ ಹುಟ್ಟತಿದ್ದಿಲ್ಲ, ನಾನೂ ಹುಟ್ಟತಿದ್ದಿಲ್ಲ."

ಲಕ್ಕಪ್ಪ ಚಪ್ಪಲಿ ಮೆಟ್ಟಿ ಹೊರಟುಹೋದ. ಹೊಳೆವ್ವ, "ಇವತ್ತ ಈ ಮನ್ಯಾಗ ಹನಿ ನೀರೂ ಕುಡಿಯೂದಿಲ್ಲ," ಎಂದು ಹೊರಗಿನ ಕಟ್ಟೆಗೆ ಹೋಗಿ ಕೂತಳು.

ಸೆಮಿನಾರ್ ಚೆನ್ನಾಗಿಯೇ ಆಯಿತು. ಕೊನೆಗೆ ಮೇಡಂ, ಹೀಗೆ ವಿಡಿಯೋದಲ್ಲಿ ಕಲಿಯುವುದು ಹೇಗನಿಸುತ್ತದೆಂದು ಎಲ್ಲರನ್ನೂ ಕೇಳಿದರು. ಬಸ್ಸಿನ ಗದ್ದಲ ತಪ್ಪಿತು ಎಂದ ಒಬ್ಬ. ಬರೀ ನಿದ್ದೆ ಬರುತ್ತದೆ ಎಂದ ಇನ್ನೊಬ್ಬ. ದುರ್ಗಾಳ ಸರದಿ ಬಂತು.

"ನೆಟ್‌ವರ್ಕ್ ಇಲ್ಲ ಅಂದಿದ್ದು ಸುಳ್ಳರಿ ಮೇಡಂ. ಮುಟ್ಟಾದಾಗ ನನಗ ಫೋನ್ ಮುಟ್ಟಗೊಡತಿದ್ದಿಲ್ಲ. ಸಾಲಿ ಮನಿಗೆ ಬಂತು ಖರೇ. ಮನ್ಯಾಗ ನಾನಽ ಹೊರಗಿದ್ದೆ."

ಪರದೆಯೊಳಗಿಂದ ಒಂದು ಹೆಣ್ಣುದನಿ, "ನಂದೂ ಹಂಗಽ ಐತ್ರಿ ಮೇಡಂ," ಎಂದಿತು. ಇನ್ನೊಂದು ದನಿ ಸೇರಿತು.

ಹೊತ್ತು ಮುಳುಗುವಾಗ ಶೇವಂತೆವ್ವ ರೊಟ್ಟಿ, ಪಲ್ಯ ಹಿಡಿದು ಕಟ್ಟೆಗೆ ಬಂದಳು.

"ಆ ಹುಡುಗಿ ಅಡಗಿ ಮನಿಗೂ ಹೊಕ್ಕೈತೇನು?" ಅತ್ತೆ ಮುಖ ತಿರುಗಿಸಿದಳು.

"ಹೌದ್ರಿ. ರೊಟ್ಟಿ ಆಕೀನಽ ಬಡದಾಳ."

ಶೇವಂತೆವ್ವ ಒಳಗೆ ಹೋಗಲಿಲ್ಲ. ಗಂಗಾಳ ಕೆಳಗಿಟ್ಟು, ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಅತ್ತೆಯ ಸರಿಸಮ ಕೂತಳು.

"ಉಣ್ಣೂದು ಬಿಡೂದು ನಿಮಗ ಬಿಟ್ಟಿದ್ರಿ ಅತ್ತಿ. ಇಪ್ಪತ್ನಾಕ ವರ್ಷ ಆ ತಗಡಿನ ಕೆಳಗ ಕುಂತೇನಿ, ಮಳ್ಯಾಗೂ ಕುಂತೇನಿ. ಬರೂ ತಿಂಗಳ ನಾನೂ ಅಲ್ಲಿಗೆ ಹೋಗೂದಿಲ್ಲ."