ಸೋರದ ಮಾಳಿಗೆ

ಚಿಮ್ಮನಚೋಡದ ಚಂದ್ರಾಮಪ್ಪನ ಮಾಳಿಗೆ ಒಂದು ಹನಿಯೂ ಸೋರುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಮಾತು ಇದು. ಗೊತ್ತಿಲ್ಲದವರನ್ನು ಅವನೇ ಕರೆದು ಹೇಳುತ್ತಿದ್ದ. ಪ್ರತಿ ವರ್ಷ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಹಿಡಿಯುವ ಮೊದಲು ಹಳ್ಳದ ದಂಡೆಯಿಂದ ಸವಳು ಮಣ್ಣು ತಂದು, ಚಾವಣಿಯ ಶಹಾಬಾದ ಪರಸಿಗಲ್ಲುಗಳ ಮೇಲೆ ಹರಡಿ, ನೀರು ಚಿಮುಕಿಸಿ ತಟ್ಟುವುದು ಅಪ್ಪ ಕಲಿಸಿದ ಕೆಲಸ. ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು, ಅದರ ಮೇಲೆ ಮುಂದಿನ ವರ್ಷದ್ದು. ಹಾಕಿದ್ದನ್ನು ತೆಗೆಯುವ ಪದ್ಧತಿ ಮಾತ್ರ ಯಾರಿಗೂ ಇರಲಿಲ್ಲ.

ಭೂಮಿ ನಡುಗಿದ ದಿನ ಆ ಮಾಳಿಗೆ, ಅಪ್ಪ-ಅಜ್ಜಂದಿರ ಮಣ್ಣಿನ ಸಮೇತ, ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಸಾಬಮ್ಮನ ಮೇಲೆ ಬಿತ್ತು. ಅವನು ಹೊಲದಲ್ಲಿದ್ದ. ನೆರೆಯವರು ಕೈಯಿಂದಲೇ ಬಗೆದು ಆಕೆಯನ್ನು ಹೊರಗೆಳೆದರು. ಮುರಿದ ತೋಳು ಕೂಡಿಕೊಂಡಿತು, ಹೆದರಿಕೆ ಹೋಗಲಿಲ್ಲ. ಊರ ಹೊರಗೆ ಎಲ್ಲರಿಗೂ ತಗಡಿನ ಶೆಡ್ಡು ಕೊಟ್ಟರೂ ಆಕೆ ಒಳಗೆ ಕಾಲಿಡಲಿಲ್ಲ. ಶೆಡ್ಡಿನ ಮುಂದಿನ ಬೇವಿನ ಗಿಡದ ಕೆಳಗೇ ಒಲೆ, ಅಲ್ಲೇ ಹಾಸಿಗೆ. ಮಳೆಗಾಲ ಸಮೀಪಿಸಿದಂತೆ ಚಂದ್ರಾಮಪ್ಪನಿಗೆ ಅದೊಂದೇ ಚಿಂತೆ: ಮಿರಗ ಬರುವುದರೊಳಗೆ ಆಕೆಯನ್ನು ಹೇಗಾದರೂ ಸೂರಿನಡಿ ತರಬೇಕು.

ಊರವರು ತಮ್ಮ ಮನೆ ತಾವೇ ಕಟ್ಟಿಕೊಳ್ಳಲು ಕಲಿಯಲಿ ಎಂದು ಸಂಸ್ಥೆಯೊಂದು ಗೋಡೆ ಕಟ್ಟುವ ಭಂಕೂರದ ಗೌಂಡಿ ಗುಲಾಮ ದಸ್ತಗೀರನನ್ನು ಕರೆಸಿತ್ತು. ಮೂಲೆಗೆ ಉದ್ದನೆಯ ಕಲ್ಲು, ಗೋಡೆಯ ಎರಡೂ ಮೈ ಹಿಡಿಯುವ ಅಡ್ಡಗಲ್ಲು, ಮೇಲೆ ಹಗುರ ಚಾವಣಿ ಎಂದು ಅವನು ಮಾದರಿ ಗೋಡೆ ಎಬ್ಬಿಸಿ ಕಲಿಸುತ್ತಿದ್ದ. ಕಲಿಯುವವರಲ್ಲಿ ಚಂದ್ರಾಮಪ್ಪನೇ ಚುರುಕು. ಗಿಳಿಯಂತೆ ಪಾಠ ಒಪ್ಪಿಸುತ್ತಿದ್ದ. ಮಾಳಿಗೆಗೆ ಮಣ್ಣು ಹೇರಬಾರದೆಂದು ಬಂದವರಿಗೆಲ್ಲ ತಾನೇ ಬುದ್ಧಿ ಹೇಳುತ್ತಿದ್ದ. ಬಾಯಿಗೆ ಬಂದ ಪಾಠ ಕೈಗಿಳಿಯಲು ತಡವಾಗುತ್ತದೆ, ಪಾಪ.

ಒಂದು ಸಂಜೆ ಅಕಾಲದ ಅಡ್ಡಮಳೆ ಸುರಿಯಿತು. ಸಾಬಮ್ಮ ಗೋಣಿಯ ಕೊಪ್ಪೆ ಹೊದ್ದು ಗಿಡದ ಕೆಳಗೇ ನೆನೆದಳು. ಶೆಡ್ಡು ಮೊಳೆಯ ತೂತುಗಳಿಂದ ಸೋರಿತು. ಸೋರುವ ಸೂರನ್ನು ಯಾರು ನಂಬುತ್ತಾರೆ ಎಂದು ಚಂದ್ರಾಮಪ್ಪನಿಗೆ ಅವಮಾನವಾಯಿತು. ಬೆಳಗಾದದ್ದೇ ಬಿದ್ದ ಮನೆಯ ದಿಬ್ಬದಿಂದ ಮಣ್ಣು ತುಂಬಿ ತಂದು, ಏಣಿ ಹಾಕಿ, ತಗಡಿನ ಮೇಲೆ ಸುರಿದು ತಟ್ಟತೊಡಗಿದ. ಹುಟ್ಟುಗುಣ ಸುಟ್ಟರೂ ಹೋಗದು. ಬುಟ್ಟಿಯ ಮೇಲೆ ಬುಟ್ಟಿ ಬಿದ್ದು ತಗಡು ಬಾಗುತ್ತಿದ್ದರೂ ಅವನಿಗೆ ಪರಿವೆಯಿರಲಿಲ್ಲ.

ಸಾಬಮ್ಮ ಬಂದು ಏಣಿಯ ಬುಡದಲ್ಲಿ ನಿಂತಳು.

"ಎಲ್ಲೀದ್ರಿ ಈ ಮಣ್ಣ?"

"ನಮ್ಮ ಮನೀದೇ. ಭಾಳ ಪಳಗಿದ ಮಣ್ಣ ಅದ. ಒಂದ್ ಹನಿ ಸೋರಂಗಿಲ್ಲ ನೋಡು."

"ಗೊತ್ತದರಿ," ಅಂದಳು ಸಾಬಮ್ಮ. "ಅವತ್ತ ನನ್ನ ಬಾಯಾಗ ಹೋಗಿತ್ತಲ್ಲ."

ಇಷ್ಟು ಹೇಳಿ ಆಕೆ ಗಿಡದ ಕಡೆ ನಡೆದಳು. ಚಂದ್ರಾಮಪ್ಪನ ಕೈ ಮಣ್ಣಿನಲ್ಲೇ ಉಳಿಯಿತು. ಕಲಿತದ್ದೆಲ್ಲ ಎಲ್ಲಿ ಹೋಗಿತ್ತೆಂದು ಅವನಿಗೇ ತಿಳಿಯಲಿಲ್ಲ, ನಾಚಿಕೆಯಿಂದ ಕುಗ್ಗಿಹೋದ. ಬಿಸಿಲು ಏರಿದರೂ ಇಳಿಯದೆ ಮಣ್ಣನ್ನೆಲ್ಲ ಗೋರಿ ಕೆಳಗೆ ಹಾಕಿದ, ತಗಡನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಆಕೆ ಗಿಡದ ಕೆಳಗಿನಿಂದ ನೋಡುತ್ತಲೇ ಇದ್ದಳು.

ಮಿರಗದ ಮಳೆ ಹೇಳಿದಂತೆ ಬಂತು. ಕರೆಯುವ ಧೈರ್ಯ ಅವನಿಗಿರಲಿಲ್ಲ. ಸಾಬಮ್ಮ ತಾನಾಗಿಯೇ ಹಾಸಿಗೆ ಸುತ್ತಿಕೊಂಡು ಬಂದಳು. ಬಾಗಿಲಲ್ಲಿ ನಿಂತು ಒಮ್ಮೆ ಮೇಲೆ ನೋಡಿ, ಒಳಗೆ ಬಂದು ಕುಳಿತಳು. ಅಷ್ಟರಲ್ಲೇ ಆಕೆಯ ನೆತ್ತಿಯ ಮೇಲೆ ಹನಿಯೊಂದು ಬಿತ್ತು. ಚಂದ್ರಾಮಪ್ಪ ತೂತು ಮುಚ್ಚಲು ಗಡಬಡಿಸಿ ಎದ್ದ.

"ಸೋರಲಿ ಬಿಡ್ರಿ," ಅಂದಳು ಸಾಬಮ್ಮ. "ಸೋರಿದ್ರ ಮ್ಯಾಲ ಏನೂ ಇಲ್ಲಂತ ಗೊತ್ತಾಗ್ತದ."

ಅವನು ಹನಿ ಬೀಳುವಲ್ಲಿ ಒಂದು ಬೋಗುಣಿ ಇಟ್ಟು ಆಕೆಯ ಪಕ್ಕ ಕುಳಿತ.