ಕರಿ ಒಂದರ ಪದ

ಹೋದ ವರ್ಷ ನನ್ನ ಹೆಂಡತಿ ಸಾವಕ್ಕನಿಗೆ ಜ್ವರ ಬಂತು. ಜ್ವರ ಇಳಿಯಿತು, ಕಿವಿ ಮಾತ್ರ ಬೇರೆಯಾಯಿತು. ತಾಟು ಕೆಳಗೆ ಬಿದ್ದರೆ ಹಣೆ ಹಿಡಿದುಕೊಂಡು ಕೂತುಬಿಡುತ್ತಾಳೆ. ಕಿವಿಗೇನೂ ಆಗಿಲ್ಲ, ಸಪ್ಪಳ ತಾಳುವ ಶಕ್ತಿ ಹೋಗಿದೆ ಎಂದರು ಡಾಕ್ಟರು. ಹಾಡು ಕೇಳಲು ನಾಲ್ಕು ಊರು ತಿರುಗಿದ ಹೆಂಗಸು ಅವಳು. ನಾನು ತಿರ್ಲಾಪುರದ ಭಜನಾ ಮೇಳದ ಪೆಟ್ಟಿಗೆ ಮಾಸ್ತರ. ನಾನು ಹಾರ್ಮೋನಿಯಂ ಮುಚ್ಚಳ ತೆಗೆದರೆ ಸಾಕು, ಹಿತ್ತಲಿಗೆ ಹೋಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಒದರುತ್ತಿದ್ದೆ. ಅವಳು ಇನ್ನೂ ದೂರ ಹೋಗುತ್ತಿದ್ದಳು. ಹೀಗೆ ಒಂದು ವರ್ಷ ಕಳೆಯಿತು. ಹಾಡು ಅವಳಿಗೆ ಮುಗಿದುಹೋಯಿತು ಎಂದೇ ನಾನು ತಿಳಿದೆ.

ಈ ಸಲ ಹತ್ತಿ ಬಿಡಿಸಲು ಶುರುವಾದ ಮೇಲೆ ಅವಳ ಮುಖ ತಿಳಿಯಾಯಿತು. ಕೇಳಿದರೆ, ನಮ್ಮ ಹೊಲಕ್ಕೆ ಆಳಿಗೆ ಬರುವ ರಾಜಮಾಬಿ ಪದ ಹೇಳುತ್ತಾಳಂತೆ. ಹಸಿ ಹತ್ತಿ ಬಿಡಿಸಿದರೆ ಕೆಡುತ್ತದೆ, ಅದಕ್ಕೆ ಇಬ್ಬನಿ ಆರುವ ತನಕ ಹೆಂಗಸರು ಬದುವಿನ ಮೇಲೆ ಕೂತಿರುತ್ತಾರೆ. ಆ ಹೊತ್ತಿನಲ್ಲಿ ಪದ. ಕೇಳಿದರೆ ತಲೆ ಸಿಡಿಯುವುದಿಲ್ಲವೇ ಎಂದೆ.

"ಜರಡಿಯಿಂದ ಹಿಟ್ಟು ಕೈಮ್ಯಾಲೆ ಬಿದ್ದಂಗ ಅನಸ್ತದ. ಆಗಷ್ಟ ಗಿರಣಿಯಿಂದ ತಂದ ಹಿಟ್ಟು, ಬೆಚ್ಚಗ" ಅಂದಳು.

ನನಗೆ ಹೊಟ್ಟೆ ಉರಿಯಿತು. ಇಪ್ಪತ್ತೆರಡು ವರ್ಷ ನುಡಿಸಿದ್ದೇನೆ. ನನ್ನ ಪೆಟ್ಟಿಗೆಗೆ ಅವಳು ಹಿಟ್ಟು ಅಂದಿಲ್ಲ, ನುಚ್ಚೂ ಅಂದಿಲ್ಲ.

ಮರುದಿನ ಬೆಳಿಗ್ಗೆ ನಾನೂ ಹೋಗಿ ಬದುವಿನ ಮೇಲೆ ಕೂತೆ. ರಾಜಮಾಬಿಗೆ ಅರವತ್ತು ದಾಟಿದೆ. ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವ ಮನೆತನ. ಆಕೆ ಯಾರ ಮುಖವನ್ನೂ ನೋಡದೆ, ಸೆರಗಿನ ತುದಿಯ ಸಿಕ್ಕು ಬಿಡಿಸುತ್ತ ಶುರು ಮಾಡಿದಳು. ದೇಹ ಬಿಟ್ಟು ಹೊರಟ ಜೀವದ ಕಥೆ ಅದು. ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗ್ತೇನಿ' ಅನ್ನುವುದಿಲ್ಲ, 'ಹೋಗಿ ಬರ್ತೇನಿ' ಅನ್ನುತ್ತಾರೆ. ಪದದಲ್ಲಿ ದೇಹ ಅದನ್ನೇ ಬೇಡಿಕೊಳ್ಳುತ್ತದೆ, ಹೋಗುವಾಗ ಬಾಗಿಲನ್ನು ಸಪ್ಪಳವಿಲ್ಲದೆ ಎಳೆದುಕೊಂಡು ಹೋಗು ಎನ್ನುತ್ತದೆ:

ಸುಳ್ಳರೆ ಅನ್ನ ಜೀವಾ, ಹೋಗಿ ಬರತೇನಂತ
ಮೆಲ್ಲಕ ಕದ ಮುಂದ ಮಾಡ.

ಆ ದನಿಯನ್ನು ಹೇಗೆ ಹೇಳುವುದು? ಅದು ಎದೆಯಿಂದ ಬರುತ್ತದೆ, ಹಲ್ಲಿಗೆ ತಾಗುವುದಿಲ್ಲ. ಹಳೆಯ ಕೌದಿಯ ಹಾಗೆ ತೂಕವಿದೆ, ಆದರೆ ಚುಚ್ಚುವ ದಾರ ಒಂದೂ ಇಲ್ಲ. 'ಜೀವಾ' ಎನ್ನುವಾಗ ಸ್ವಲ್ಪ ಒಡೆಯುತ್ತದೆ, ಒಡೆದಲ್ಲಿ ಉಸಿರು ಕಾಣುತ್ತದೆ. ಎರಡು ಸಾಲುಗಳ ನಡುವೆ ಆಕೆ ಸುಮ್ಮನಿರುವಾಗ ಎಲೆಯಿಂದ ಇಬ್ಬನಿ ಉದುರಿದ್ದೂ ಕೇಳಿಸಿತು. ನನ್ನ ಭಜನೆಯಲ್ಲಿ ಅಂಥ ಜಾಗವನ್ನು ನಾನು ಯಾವತ್ತೂ ಖಾಲಿ ಬಿಟ್ಟವನಲ್ಲ. ಸಾವಕ್ಕ ಕಣ್ಣು ಮುಚ್ಚಿದ್ದಳು. ಅವಳ ಹಣೆಯಲ್ಲಿ ಒಂದು ಗೆರೆಯೂ ಇರಲಿಲ್ಲ.

ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಇಂಥ ಪದ ನಾಲ್ಕು ಹೆಂಗಸರ ನಡುವೆ ಸಾಯಬಾರದು, ಶನಿವಾರದ ಭಜನೆಯಲ್ಲಿ ಊರೇ ಕೇಳಬೇಕು ಎನಿಸಿತು. ಮೂರನೆಯ ದಿನ ಪೆಟ್ಟಿಗೆ ಹೊತ್ತುಕೊಂಡು ಹೊಲಕ್ಕೆ ಹೋದೆ. ನಮ್ಮ ಕಡೆ ದನಿಯ ಎತ್ತರವನ್ನು ಪೆಟ್ಟಿಗೆಯಲ್ಲಿ ಬೆರಳಿಡುವ ಬಿಳಿ, ಕರಿ ಮನೆಗಳಿಂದ ಎಣಿಸುತ್ತಾರೆ. ಬಿಳಿ ನಾಲ್ಕರಲ್ಲಿ ಹಾಡಿದವನೇ ಹಾಡುಗಾರ, ಕೆಳಗಿನವರೆಲ್ಲ ಗೊಣಗುವವರು. ರಾಜಮಾಬಿಯದು ಅಗದಿ ಕೆಳಗೆ, ಕರಿ ಒಂದು. ಬಿಳಿ ನಾಲ್ಕಕ್ಕೆ ಏರಿಸು ಎಂದೆ. ಹೊಲದ ಯಜಮಾನನ ಮಾತೆಂದು ಆಕೆ ಏರಿಸಿದಳು. ನಾನೂ ಜೋರಾಗಿ ಗಾಳಿ ಹಾಕಿದೆ.

ಹಿಟ್ಟೆಲ್ಲ ಕಲ್ಲಾಯಿತು. ಸಾವಕ್ಕ ಎರಡೂ ಕಿವಿ ಮುಚ್ಚಿಕೊಂಡು ಎದ್ದು ಹಸಿ ಹತ್ತಿಯೊಳಗೇ ನುಗ್ಗಿ ಹೊಲದ ನಡುವೆ ಹೋಗಿ ನಿಂತಳು. ರಾಜಮಾಬಿ ಹಾಡು ನಿಲ್ಲಿಸಿದಳು.

"ಸಿದ್ದರಾಮ, ಯಾರಿಗೆ ಕೇಳಸಾಕತ್ತೀಪಾ ನೀ?"

ಬಿಳಿ ನಾಲ್ಕಾದರೆ ನಾಲ್ಕು ಮಂದಿಗೆ ಕೇಳಿಸುತ್ತದೆ ಎಂದೆ.

"ನಾಕ್ ಮಂದಿ ನಾಳೆ ಸಿಗತಾರ. ಅಲ್ಲಿ ನಿಂತಾಳಲ್ಲ, ಆಕಿ ಮತ್ತ ಕುಂಡರತಾಳೇನು? ಕದಾ ಮೆಲ್ಲಕ ಮುಂದ ಮಾಡಂತ ಒದರಕೋಂತ ಹಾಡಿದ್ರ ಅಲ್ಲಾ ನಗತಾನ. ಕರಿ ಒಂದಕ್ಕ ಇಳಿ, ಇಲ್ಲಾ ಪೆಟಿಗಿ ಮುಚ್ಚು."

ಉಳಿದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ನಾಳೆಯಿಂದ ಆಳಿಗೆ ಬರಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಆಕೆ ಬರುತ್ತಿರಲಿಲ್ಲ, ಆಕೆಯೊಂದಿಗೆ ಪದವೂ ಹೋಗುತ್ತಿತ್ತು. ಹೊಲದ ನಡುವೆ ಸಾವಕ್ಕ ಇನ್ನೂ ಕಿವಿ ಬಿಟ್ಟಿರಲಿಲ್ಲ. ಸೀರೆ ಮೊಣಕಾಲಿನ ತನಕ ತೋಯ್ದಿತ್ತು.

ದನಿ ತಗ್ಗಲೆಂದು ಪೆಟ್ಟಿಗೆಯ ಗುಂಡಿಗಳನ್ನೆಲ್ಲ ಒಳಗೆ ತಳ್ಳಿ ಒಂದನ್ನೇ ಎಳೆದೆ. ಕರಿ ಒಂದರ ಮೇಲೆ ಬೆರಳಿಟ್ಟು, ಮಗುವಿಗೆ ಬೀಸಣಿಗೆ ಬೀಸುವಷ್ಟೇ ಗಾಳಿ ಹಾಕಿದೆ. ರಾಗ ನುಡಿಸಲಿಲ್ಲ. ಆ ಒಂದು ದನಿಯನ್ನು ಹಿಡಿದು ಕೂತೆ, ಅಷ್ಟೇ. ರಾಜಮಾಬಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಅದರ ಮೇಲೆ ತನ್ನ ದನಿಯನ್ನು ಇಟ್ಟಳು.

ಎರಡನೆಯ ನುಡಿಗೆ ಸಾವಕ್ಕನ ಕೈಗಳು ಕೆಳಗಿಳಿದವು. ಮೂರನೆಯದಕ್ಕೆ ಈ ಕಡೆ ತಿರುಗಿದಳು. ಜೀವ ಹೊಸ್ತಿಲ ಮೇಲೆ ನಿಂತು ಹಿಂದೆ ನೋಡುವ ನುಡಿಗೆ ಬದುವಿಗೆ ಬಂದು, ನನ್ನ ಬಾಜೂಕೇ ಕೂತು, ಪೆಟ್ಟಿಗೆಯ ಕಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಒಳಗಿನ ನಡುಕ ಅವಳ ಬಳೆಗೆ ಏರಿದ್ದು ನನಗೆ ಕಾಣಿಸಿತು. ಒಂದು ವರ್ಷದಲ್ಲಿ ಅವಳು ನನ್ನ ಪೆಟ್ಟಿಗೆ ಮುಟ್ಟಿದ್ದು ಅದೇ ಮೊದಲು.

ಪದ ಮುಗಿಯಿತು. ಇಬ್ಬನಿ ಆರಿ ಬಹಳ ಹೊತ್ತಾಗಿತ್ತು. ರಾಜಮಾಬಿ ಉಡಿ ಕಟ್ಟಿಕೊಂಡು ಸಾಲು ಹಿಡಿದಳು, ಉಳಿದವರೂ ಹೋದರು. ನಾನು ಬೆರಳು ಎತ್ತಿದೆ. ಸಾವಕ್ಕ ಕೈ ತೆಗೆಯಲಿಲ್ಲ.

"ಯಾಕ ನಿಲ್ಲಿಸಿದಿ? ಗಾಳಿ ಹಾಕು."

ಹಾಕಿದೆ.