ಮಂಗಟ್ಟೆ ಕೂರುವ ಕೊಂಬೆ

ಸುಮ್ಮನೆ ಕೂತವರನ್ನು ಕಂಡರೆ ರುದ್ರಪ್ಪನವರಿಗೆ ಮೈ ಉರಿಯುತ್ತಿತ್ತು. ಬಾಳೂರಿನ ಅವರ ಕಾಫಿ ತೋಟದಲ್ಲಿ ಆಳುಗಳು ಎಲೆಅಡಿಕೆ ಹಾಕಲು ಕೂತರೂ ಅವರು ದೂರದಲ್ಲೇ ಒಮ್ಮೆ ಕೆಮ್ಮುತ್ತಿದ್ದರು. ಅಂಥವರ ತೋಟಕ್ಕೇ ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಕೂರುವುದೇ ಕಸುಬಾದ ಹುಡುಗಿಯೊಬ್ಬಳು ಬಂದಳು. ಕಳಸದ ಮೇಷ್ಟ್ರ ಮಗಳು ಪಂಚಮಿ, ಪ್ರಾಣಿಪಕ್ಷಿಗಳ ಸಾಕ್ಷ್ಯಚಿತ್ರ ತೆಗೆಯುವವಳು. ತೋಟದ ಮೇಲ್ಗಡೆಯ ನಂದಿ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿದೆ, ಮರಿ ಹಾರುವವರೆಗೂ ಚಿತ್ರ ತೆಗೆಯಬೇಕು, ಅಪ್ಪಣೆ ಕೊಡಿ ಎಂದಳು.

"ಕೂತ್ಕೊಂಡು ಹಕ್ಕಿ ನೋಡದೂ ಒಂದು ಕೆಲಸವೇನಮ್ಮಾ?" ಎಂದರು ರುದ್ರಪ್ಪ.

"ಅದೇ ಕೆಲಸ ಅಣ್ಣ. ಅದು ಬಿಟ್ರೆ ನಂಗೆ ಬೇರೆ ಬರೋದಿಲ್ಲ."

ಈ ಉತ್ತರ ರುದ್ರಪ್ಪನವರ ಹೆಂಡತಿ ನಂಜಮ್ಮನಿಗೆ ಹಿಡಿಸಿತು. ಹುಡುಗಿಗೆ ಹಿಂಬದಿಯ ಕೋಣೆ ಸಿಕ್ಕಿತು, ಬೆಳಿಗ್ಗೆ ಕಡುಬು ಸಿಕ್ಕಿತು. ಬಿದಿರಿನ ಅಟ್ಟಣೆ ಕಟ್ಟಿ, ಸೊಪ್ಪು ಮುಚ್ಚಿ, ಕ್ಯಾಮೆರಾ ಇಟ್ಟುಕೊಂಡು ಕೂತಳು. ಕೂತಳೆಂದರೆ ಕೂತಳು. ನುಸಿ ಕಚ್ಚಿದರೂ ಕೈ ಎತ್ತುತ್ತಿರಲಿಲ್ಲ.

ಒಂದು ದಿನ, ಇವಳೇನು ನಿದ್ದೆ ಹೊಡೀತಾಳಾ ನೋಡೋಣ ಎಂದು ರುದ್ರಪ್ಪನವರೂ ಅಟ್ಟಣೆ ಹತ್ತಿದರು. ಅವತ್ತು ಅವರು ಕಂಡದ್ದು ಇಷ್ಟು. ಹೆಣ್ಣು ಹಕ್ಕಿ ಪೊಟರೆಯೊಳಗೆ ಕೂತು, ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಂಡಿದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿದಿದೆ. ಒಳಗೆ ಅದರ ರೆಕ್ಕೆಯ ಗರಿಗಳೆಲ್ಲ ಉದುರಿ ಹೋಗಿರುತ್ತವಂತೆ, ಹೊರಗೆ ಬಂದರೂ ಹಾರಲಾಗದು. ಗಂಡು ತಂದರೆ ಊಟ, ಇಲ್ಲದಿದ್ದರೆ ಇಲ್ಲ. ಆ ಗಂಡು ಬಂತು ನೋಡಿ! ಯಾರೋ ದೊಡ್ಡ ಮೊರದಲ್ಲಿ ಗಾಳಿ ಹಾಕಿದಂಥ ರೆಕ್ಕೆಯ ಸದ್ದು. ಹಳದಿ ಕೊಕ್ಕು, ಅದರ ಮೇಲೊಂದು ಕಿರೀಟ. ಗಂಟಲಿನಿಂದ ಅತ್ತಿಹಣ್ಣನ್ನು ಒಂದೊಂದಾಗಿ ತೆಗೆದು, ಕೊಕ್ಕಿನ ತುದಿಯಲ್ಲಿ ಹಿಡಿದು, ಸೀಳಿನೊಳಗೆ ಕೊಡುತ್ತಲೇ ಇತ್ತು. ಒಂದು ಹಣ್ಣೂ ಕೆಳಗೆ ಬೀಳಲಿಲ್ಲ. ಹುಟ್ಟಿದಾಗಿನಿಂದ ಈ ಹಕ್ಕಿಯ ಕೂಗು ಕೇಳಿದ್ದ ರುದ್ರಪ್ಪನವರು ಹಕ್ಕಿಯನ್ನು ನೋಡಿದ್ದು ಅದೇ ಮೊದಲು ಎನ್ನಬೇಕು. ಎದೆ ತುಂಬಿ ಬಂತು ಅವರಿಗೆ.

ಆಮೇಲೆ ಅವರ ಬಾಯಿ ಹಿಡಿಯುವವರೇ ಇಲ್ಲ. ಬಣಕಲ್ಲಿನ ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲೆಲ್ಲೂ ಮಂಗಟ್ಟೆಯದೇ ಮಾತು, ಮೊಟ್ಟೆ ಇವರೇ ಇಟ್ಟವರ ಹಾಗೆ.

"ಗಂಡ ಅಂದ್ರೆ ಅದು. ನೀವು ನಂಗೆ ಒಂದಿನ ಒಂದು ಲೋಟ ನೀರು ತಂದ್ಕೊಟ್ಟಿದ್ದುಂಟಾ?" ಎಂದಳು ನಂಜಮ್ಮ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಮರಗಸಿ ಶುರುವಾಯಿತು. ಮಳೆಗಾಲಕ್ಕೆ ಮುಂಚೆ ಕಾಫಿಗೆ ಬೆಳಕು ಬೀಳಲೆಂದು ನೆರಳುಮರಗಳ ಕೊಂಬೆ ಸವರುವ ಕೆಲಸ ಅದು. ಪಂಚಮಿ ಬ್ಯಾಟರಿ ರಿಪೇರಿಗೆಂದು ಚಿಕ್ಕಮಗಳೂರಿಗೆ ಹೋಗಿದ್ದಳು. ರುದ್ರಪ್ಪನವರು ಅಟ್ಟಣೆಯಲ್ಲಿ ಕೂತು ನೋಡಿದರು. ಪೊಟರೆಯ ಪಕ್ಕದ ಹಲಸಿನ ಮರದ ಕೊಂಬೆಯೊಂದು ಕ್ಯಾಮೆರಾಕ್ಕೆ ಅರ್ಧ ಅಡ್ಡ ಬಂದಂತೆ ಕಂಡಿತು. ಪಾಪ, ಹುಡುಗಿ ಸಂಕೋಚದವಳು, ಹೇಳಿಲ್ಲ. ಮರಗಸಿಯ ದಾಸಯ್ಯನನ್ನು ಕರೆದರು. "ಇದೊಂದು ತೆಗಿ ಮಾರಾಯ. ಅವಳಿಗೆ ಚೆನ್ನಾಗಿ ಕಾಣ್ಲಿ." ದಾಸಯ್ಯ ಹಲಸು ಹತ್ತಿ, ಮೊಳದುದ್ದ ಮೋಟು ಬಿಟ್ಟು ಕೊಂಬೆ ಕಡಿದ. ರುದ್ರಪ್ಪನವರು ಹೊಗಳಿಕೆಗೆ ಕಾದು ಕೂತರು.

ಮರುದಿನ ಬಂದ ಪಂಚಮಿ ಹೊಗಳಲಿಲ್ಲ. ಅಟ್ಟಣೆಯ ಮೇಲಿಂದ ನೋಡಿ, ಅಲ್ಲೇ ಕುಸಿದು ಕೂತಳು.

"ಅಣ್ಣ, ಗಂಡು ಮೊದ್ಲು ಕೂರೋದೇ ಆ ಕೊಂಬೆ ಮೇಲೆ. ಅಲ್ಲಿ ಕೂತು ಸುತ್ತ ನೋಡಿ, ಅಪಾಯ ಇಲ್ಲ ಅಂದ್ಮೇಲೇ ಗೂಡಿಗೆ ಬರೋದು."

ಹಕ್ಕಿ ಬಂತು. ಕೊಂಬೆ ಇದ್ದ ಕಡೆ ರೆಕ್ಕೆ ಬಡಿದು, ತಡವರಿಸಿ, ಗಂಟಲು ತುಂಬ ಹಣ್ಣಿಟ್ಟುಕೊಂಡೇ ಹಾರಿಹೋಯಿತು. ಸೀಳಿನಿಂದ ಹೆಣ್ಣಿನ ಕೊಕ್ಕು ಹೊರಗೆ ಬಂದು, ಕಾದು, ಒಳಗೆ ಹೋಯಿತು. ಉಪಕಾರ ಮಾಡಲು ಹೋಗಿ ತಾಯಿ ಮರಿ ಎರಡನ್ನೂ ಉಪವಾಸ ಕೆಡವಿದೆನಲ್ಲ ಎಂದುಕೊಂಡರು ರುದ್ರಪ್ಪ.

"ದಾಸಯ್ಯನ್ನ ಹತ್ತಿಸಿ ಪಪ್ಪಾಯಿ ಕೊಡ್ಸಲಾ?"

"ಬೇಡಿ ಅಣ್ಣ. ಸೀಳಿನ ಹತ್ರ ಮನುಷ್ಯರ ಕೈ ಕಂಡ್ರೆ ಹೆದರಿ ಗೋಡೆ ಒಡ್ಕೊಂಡು ಬಿದ್ದುಬಿಡ್ತದೆ. ಹಾರೋಕೆ ಗರಿ ಇಲ್ಲ ಅದಕ್ಕೆ."

"ಹಾಗಾದ್ರೆ ಕೊಂಬೇನೇ ವಾಪಸ್ ಕಟ್ಟಣ."

ಪಂಚಮಿ ತಲೆ ಎತ್ತಿ ನೋಡಿದಳು. ಸರಿ ಎಂದು ಅಟ್ಟಣೆ ಇಳಿದಳು.

ಆದರೆ ಕೊಂಬೆ ಎಲ್ಲಿದೆ? ಮರಗಸಿಯ ಸೌದೆ ಕಡಿದವನಿಗೇ ಸೇರಬೇಕೆಂಬುದು ಅಲ್ಲಿನ ಪದ್ಧತಿ. ರುದ್ರಪ್ಪನವರ ಅಪ್ಪನ ಕಾಲದಿಂದಲೂ ಆಳುಗಳ ಲೈನ್ ಮನೆ ಸೇರಿದ ಸೌದೆಯನ್ನು ಯಾವ ಯಜಮಾನನೂ ವಾಪಸು ಕೇಳಿದ್ದಿಲ್ಲ. ರುದ್ರಪ್ಪನವರು ಪಂಚೆ ಎತ್ತಿಕಟ್ಟಿ ಲೈನಿಗೆ ಓಡಿದರು. ದಾಸಯ್ಯನ ಹೆಂಡತಿ ಪುಟ್ಟಮ್ಮ ಸಣ್ಣ ಟಿಸಿಲುಗಳನ್ನು ಸವರಿ, ದಿಂಡಿಗೆ ಕೊಡಲಿ ಎತ್ತಿದ್ದಳು.

"ತಡಿಯೇ ತಾಯಿ!" ಎಂದು ಕೂಗಿದರು ರುದ್ರಪ್ಪ. "ಆ ಕೊಂಬೆ ನಂಗೆ ಕೊಡು."

"ಅಯ್ಯೋ, ಯಜಮಾನ್ರ ಮನೇಲಿ ಸೌದೆ ಇಲ್ವಾ?" ಎಂದು ಅವಳು ಕಂಗಾಲಾದಳು. ಹಕ್ಕಿಯ ವಿಷಯ ಕೇಳಿದ ಮೇಲೆ ಕೊಡಲಿ ಬಿಸಾಡಿ, ಒಂದು ತುದಿಗೆ ಹೆಗಲು ಕೊಟ್ಟಳು. ಇನ್ನೊಂದು ತುದಿಗೆ ರುದ್ರಪ್ಪನವರದು. ಹಲಸಿನ ಹಾಲು ಅವರ ಬಿಳಿ ಅಂಗಿಗೆಲ್ಲ ಮೆತ್ತಿಕೊಂಡಿತು.

ದಾಸಯ್ಯ ಕಾಳುಮೆಣಸು ಕೊಯ್ಯುವ ಏಣಿ ಇಟ್ಟು ಹತ್ತಿದ. ಕೆಳಗಿನಿಂದ ಹಗ್ಗದಲ್ಲಿ ಕೊಂಬೆ ಎಳೆದು, ಉಳಿದಿದ್ದ ಮೋಟಿಗೆ ತೆಂಗಿನ ಹಗ್ಗ ಸುತ್ತಿ ಸುತ್ತಿ ಬಿಗಿದ. ಎಲ್ಲರೂ ದೂರ ಹೋದರು. ರುದ್ರಪ್ಪನವರು ಮಾತ್ರ ಪಂಚಮಿಯ ಪಕ್ಕ ಕೂತರು. ಅವರು ಜೀವಮಾನದಲ್ಲೇ ಅಷ್ಟು ಹೊತ್ತು ಅಲುಗಾಡದೆ ಕೂತವರಲ್ಲ. ಕಾಲು ಜೋಮು ಹಿಡಿಯಿತು. ಮೂಗಿನ ಮೇಲೆ ಇರುವೆ ಹರಿಯಿತು. ಈ ಹುಡುಗಿ ದಿನವೂ ಮಾಡುವ ಕೆಲಸ ಎಂಥದ್ದೆಂದು ಆಗ ತಿಳಿಯಿತು.

ಗಂಡು ಬಂತು. ಸುತ್ತು ಹಾಕಿ ಹೋಯಿತು. ಮತ್ತೆ ಬಂದು ದೂರದ ಮರದಲ್ಲಿ ಕೂತು, ಕತ್ತು ಓರೆ ಮಾಡಿ ನೋಡಿ ಹೋಯಿತು. ರುದ್ರಪ್ಪನವರು ಮನಸ್ಸಿನಲ್ಲೇ ಕಳಸೇಶ್ವರನಿಗೆ ಹಣ್ಣುಕಾಯಿ ಹೇಳಿಕೊಂಡರು. ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಆ ಮೊರದ ಸದ್ದು. ಈ ಸಲ ಹಕ್ಕಿ ನೇರವಾಗಿ ಕೊಂಬೆಯ ಮೇಲೇ ಇಳಿಯಿತು. ಭಾರಕ್ಕೆ ಕೊಂಬೆ ಜಗ್ಗಿ, ಹಗ್ಗ ಕಿರ್ ಎಂದಿತು. ಹಕ್ಕಿ ಬಗ್ಗಿ ಆ ಹಗ್ಗವನ್ನು ಕೊಕ್ಕಿನಿಂದ ಎರಡು ಸಲ ಕುಟ್ಟಿ ನೋಡಿತು. ಇಬ್ಬರೂ ಉಸಿರು ಹಿಡಿದರು. ಆಮೇಲೆ ಅದು ಸುತ್ತ ಒಮ್ಮೆ ನೋಡಿ, ಗೂಡಿಗೆ ಹಾರಿ, ಗಂಟಲಿನಿಂದ ಒಂದು ಹಣ್ಣು ತೆಗೆದು ಸೀಳಿನ ಹತ್ತಿರ ಹಿಡಿಯಿತು.

"ತಗೊಂಡ್ಳು," ಎಂದರು ರುದ್ರಪ್ಪ. ಕಣ್ಣು ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

ಮಳೆ ಹಿಡಿಯುವ ಮೊದಲು ಮರಿ ಹಾರಿತು. ಮರುವರ್ಷ ಪಂಚಮಿ ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ತಂದು, ರುದ್ರಪ್ಪನವರ ಮನೆಯ ಟೀವಿಯಲ್ಲೇ ಮೊದಲು ಹಾಕಿದಳು. ದಾಸಯ್ಯ, ಪುಟ್ಟಮ್ಮ, ಲೈನಿನವರೆಲ್ಲ ಹಜಾರದಲ್ಲಿ ತುಂಬಿದ್ದರು. ಗಂಡು ಹಕ್ಕಿ ಕೊಂಬೆಗೆ ಇಳಿಯುವಾಗ ತೆಂಗಿನ ಹಗ್ಗ ಒಂದು ಗಳಿಗೆ ಢಾಳಾಗಿ ಕಂಡಿತು.

ಪಂಚಮಿ ಮೆಲ್ಲಗೆ ಹೇಳಿದಳು: "ಅಣ್ಣ, ನಿಮಗೆ ಮುಜುಗರ ಅಂದ್ರೆ ಅದಿಷ್ಟು ತೆಗೆದುಬಿಡ್ತೀನಿ. ಇನ್ನೂ ಕಾಲ ಮಿಂಚಿಲ್ಲ."

ರುದ್ರಪ್ಪನವರು ಪರದೆಯಿಂದ ಕಣ್ಣು ಕೀಳಲಿಲ್ಲ.

"ಇರ್ಲಿ ಬಿಡಮ್ಮ," ಎಂದರು. "ಅವನೇ ಹಗ್ಗ ಕುಟ್ಟಿ ನೋಡಿ ಕೂತಿದಾನೆ. ಮುಚ್ಚಿಡಕ್ಕೆ ನಾನ್ಯಾರು?"